ಬಾಟಲಿ ಕೂಲರಿನೊಳಗೆ ಹಳೆಯ ಕಾಫಿ ತಳಿಗಳು

ಬಿಳಿ ಕಾಂಡಕೊರಕ ಹುಳು ಹೊಕ್ಕ ಅರೇಬಿಕಾ ಕಾಫಿ ಗಿಡವನ್ನು ಕಿತ್ತು ಸುಡುವುದೇ ಸರಿಯಾದ ಕ್ರಮ. ಬಿಟ್ಟರೆ ಅಕ್ಕಪಕ್ಕದ ಗಿಡಗಳಿಗೂ ಹುಳು ಹೋಗುತ್ತದೆ. ಆದರೆ ಸುಟ್ಟ ಗಿಡ ಯಾವ ತಳಿಯದು, ಅಂಥದ್ದು ಇನ್ನೆಲ್ಲಾದರೂ ಉಳಿದಿದೆಯೇ ಎಂದು ಕೇಳುವ ಅಭ್ಯಾಸ ನಮ್ಮ ತೋಟಗಳಲ್ಲಿ ಇಲ್ಲ. ಮೂಡಿಗೆರೆ ಕಡೆಯ ನಮ್ಮ ತೋಟದ ಹಳೆಯ ತಾಕಿನಲ್ಲಿ ಈಗ ಉಳಿದಿರುವುದು ಕೆಂಟ್ಸ್ ಎಂಬ ಹಳೆಯ ಅರೇಬಿಕಾ ತಳಿಯ ಬೆರಳೆಣಿಕೆಯ ಗಿಡಗಳು. ಬೇಲಿಯ ಬದಿಯಲ್ಲಿ ಮರವಾಗಿ ಬೆಳೆದ ಲಿಬೆರಿಕಾ ಎಂಬ ಇನ್ನೊಂದು ಕಾಫಿ ಪ್ರಭೇದವಿದೆ. ಕೊಡಗಿನ ದೇವಮಚ್ಚಿಯಲ್ಲಿ ರೋಬಸ್ಟಾ ಮತ್ತು ಅರೇಬಿಕಾ ತಾವಾಗಿ ಕೂಡಿ ಹುಟ್ಟಿದ ಅಡ್ಡತಳಿಯ ಸಂತತಿ ಎಂದು ಹಿರಿಯರು ತಂದು ನೆಟ್ಟ ಗಿಡವಿದೆ. ಎಂಥ ಬೇಸಿಗೆಯಲ್ಲೂ ಎಲೆ ಬಾಡಿಸದ ಒಂದು ರೋಬಸ್ಟಾ ತಾಯಿಗಿಡವಿದೆ. ಇವನ್ನೆಲ್ಲ ಗಾಜಿನ ಟ್ಯೂಬುಗಳಲ್ಲಿ, ಬೆಳೆಯುವ ವೇಗ ತಗ್ಗಿಸಿ, ಜೀವಂತವಾಗಿ ಇಟ್ಟುಕೊಳ್ಳಲು ಕಟ್ಟಿದ ಪೆಟ್ಟಿಗೆಯ ಮತ್ತು ಅದರ ಸುತ್ತಲಿನ ಕೆಲಸದ ವಿವರ ಇಲ್ಲಿದೆ.

ಕೆಂಟ್ಸ್ ತಳಿಯನ್ನು ಮೈಸೂರು ಸೀಮೆಯ ತೋಟವೊಂದರಲ್ಲಿ 1911ರಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ್ದು. ಅದಕ್ಕೂ ಮೊದಲಿನ 'ಚಿಕ್' ಮತ್ತು 'ಕೂರ್ಗ್' ತಳಿಗಳು ಕೊರಕ ಮತ್ತು ಎಲೆ ತುಕ್ಕು ರೋಗಕ್ಕೆ ಸಿಕ್ಕು ತೋಟಗಳಿಂದ ಹೋದವು. ಇಂದು ಮಲೆನಾಡಿನಲ್ಲಿ ಎಲ್ಲೆಲ್ಲೂ ಕಾಣುವ ಅರೇಬಿಕಾ ತಳಿ ಎಸ್.795ಕ್ಕೆ ಒಂದು ಕಡೆಯಿಂದ ಕೆಂಟ್ಸ್ ಪೋಷಕ ತಳಿ, ಇನ್ನೊಂದು ಕಡೆಯಿಂದ ಎಸ್.288. ಆ ಎಸ್.288ರಲ್ಲಿ ಲಿಬೆರಿಕಾದ ಅಂಶವಿದೆ. ತುಕ್ಕು ರೋಗಕ್ಕೆ ಎದುರು ನಿಲ್ಲುವ ಒಂದು ಜೀನ್ ಅಲ್ಲಿಂದಲೇ ಬಂದದ್ದು. ಅಂದರೆ ಬೇಲಿಯ ಬದಿಯಲ್ಲಿ, ಯಾರೂ ಹಣ್ಣು ಕೀಳದೆ ಬಿಟ್ಟ ಲಿಬೆರಿಕಾದಂಥ ಮರದಿಂದಲೇ ನಮ್ಮ ಅರೇಬಿಕಾ ತೋಟಗಳಿಗೆ ಅಷ್ಟು ಕಾಲ ರಕ್ಷಣೆ ಸಿಕ್ಕಿತ್ತು. ಮುಂದೆ ಯಾವ ಗಿಡದ ಯಾವ ಗುಣ ಬೇಕಾಗುತ್ತದೆ ಎಂದು ಇವತ್ತು ಹೇಳಲು ಬರುವುದಿಲ್ಲ. ಆದ್ದರಿಂದ ಇಳುವರಿ ನೋಡಿ ಗಿಡ ಕಡಿಯುವವರ ಮೇಲೆ ನನಗೆ ಸಿಟ್ಟಿಲ್ಲ, ಕಡಿಯುವ ಮೊದಲು ಒಂದು ಗೆಣ್ಣನ್ನಾದರೂ ಉಳಿಸಿಕೊಳ್ಳಬೇಕೆಂಬ ಆಸೆ ಇದೆ.

ಬೀಜ ತೆಗೆದಿಟ್ಟರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಭತ್ತದ ಬೀಜವನ್ನು ಚೆನ್ನಾಗಿ ಒಣಗಿಸಿ ಶೈತ್ಯದಲ್ಲಿ ಇಟ್ಟರೆ ದಶಕಗಳ ಕಾಲ ಮೊಳೆಯುವ ಶಕ್ತಿ ಉಳಿಯುತ್ತದೆ. ಕಾಫಿ ಬೀಜ ಹಾಗಲ್ಲ. ಅತಿಯಾಗಿ ಒಣಗಿದರೆ ಕೆಡುತ್ತದೆ. ಒಣಗಿದ್ದನ್ನು ಬಹಳ ತಣ್ಣಗೆ ಇಟ್ಟರೂ ಕೆಡುತ್ತದೆ. 1990ರಲ್ಲಿ ವಿಜ್ಞಾನಿಗಳು ಕಾಫಿ ಬೀಜವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಒಣಗಿಸಿ ಇಡಬಹುದಾದ ಬೀಜಗಳಿಗೂ ಒಣಗಿಸಲಾಗದ ಬೀಜಗಳಿಗೂ ನಡುವಿನ ಒಂದು ಹೊಸ ವರ್ಗವನ್ನೇ ಗುರುತಿಸಿದರು. ರೋಬಸ್ಟಾದ್ದು ಇನ್ನೂ ಒಂದು ತೊಡಕು. ಅದರ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹಾಗಾಗಿ ತಾಯಿಗಿಡ ಎಷ್ಟೇ ಗಟ್ಟಿಯಾಗಿದ್ದರೂ ಅದರ ಬೀಜದಿಂದ ಹುಟ್ಟಿದ್ದು ಇನ್ನೊಂದು ಗಿಡದ ಮಗುವೂ ಹೌದು. ಅದೇ ಗಿಡ ಬೇಕೆಂದರೆ ಗಿಡದ ತುಂಡನ್ನೇ ಬೆಳೆಸಬೇಕು.

ಆದ್ದರಿಂದ ಜಗತ್ತಿನ ಕಾಫಿ ಸಂಗ್ರಹಗಳೆಲ್ಲ ಹೆಚ್ಚಾಗಿ ನೆಲದಲ್ಲಿ ನೆಟ್ಟ ಗಿಡಗಳೇ: ಕೋಸ್ಟರಿಕಾದ ಟುರಿಯಾಲ್ಬಾ, ಮಡಗಾಸ್ಕರ್‌ನ ಕಿಯಾಂಜವಾಟೊ, ಇಥಿಯೋಪಿಯಾದ ಜಿಮ್ಮಾ, ನಮ್ಮ ಬಾಳೆಹೊನ್ನೂರು. 1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಂಡ ಇಥಿಯೋಪಿಯಾದ ಕಾಡುಗಳಲ್ಲಿ ಕಲೆಹಾಕಿದ ಬೀಜದ ಒಂದು ಪಾಲು ಭಾರತಕ್ಕೂ ಬಂತು. ನೆಲದ ಮೇಲಿನ ಸಂಗ್ರಹಕ್ಕೆ ನೆಲ ಬೇಕು, ಆಳು ಬೇಕು, ಹುಳ ಮತ್ತು ರೋಗ ಕಾಯಬೇಕು. ಕಾಡಿನ ಕಾಫಿ ಪ್ರಭೇದಗಳಲ್ಲಿ ಶೇಕಡ 60ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು 2019ರ ಅಧ್ಯಯನ ಹೇಳಿತು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಕಾಫಿ ಬೀಜ ಇಡುವ ವಿದ್ಯೆ ಬಂದಿದೆ, ಆದರೆ ಅದು ದೊಡ್ಡ ಸಂಸ್ಥೆಗಳ ಕೆಲಸ. ತೋಟದ ಒಂದು ಕೋಣೆಯಲ್ಲಿ ಮಾಡಬಹುದಾದ್ದು ನಿಧಾನ ಬೆಳವಣಿಗೆಯ ಅಂಗಾಂಶ ಕೃಷಿ ಮಾತ್ರ, ಅಂದರೆ ಗಿಡದ ಸಣ್ಣ ತುಂಡನ್ನು ಟ್ಯೂಬಿನೊಳಗಿನ ಆಹಾರದಲ್ಲಿ ನಿಧಾನವಾಗಿ ಬೆಳೆಸುವುದು.

ಕೂಲರಿಗೆ ಹೊಸ ಕೆಲಸ

ಬಾಳೆಯ ಅಂಗಾಂಶವನ್ನು ಬೆಲ್ಜಿಯಂನ ಲೂವೆನ್‌ನಲ್ಲಿರುವ ಅಂತರರಾಷ್ಟ್ರೀಯ ಸಂಗ್ರಹದಲ್ಲಿ 16 ಡಿಗ್ರಿಯಲ್ಲಿ, ಮಂದ ಬೆಳಕಿನಲ್ಲಿ ಇಡುತ್ತಾರೆ. ಆಲೂಗಡ್ಡೆ ಅದಕ್ಕಿಂತ ತಣ್ಣಗಿದ್ದರೂ ತಡೆದುಕೊಳ್ಳುತ್ತದೆ. ಕಾಫಿ ಚಳಿಗೆ ಒಗ್ಗುವ ಗಿಡವಲ್ಲ. ಫ್ರಾನ್ಸ್‌ನ ಮಾಂಪೆಲಿಯೆಯಲ್ಲಿ ಕಾಫಿ ಟ್ಯೂಬುಗಳನ್ನು 27 ಡಿಗ್ರಿಯಲ್ಲೇ ಇಟ್ಟು, ಆಹಾರವನ್ನು ಮಾತ್ರ ಕಡಿಮೆ ಮಾಡಿ, ಆರು ತಿಂಗಳಿಗೊಮ್ಮೆ ಹೊಸ ಟ್ಯೂಬಿಗೆ ಬದಲಿಸುತ್ತಿದ್ದರು. ನಾನು ಆಹಾರವನ್ನೂ ತಗ್ಗಿಸಿ, ಉಷ್ಣಾಂಶವನ್ನೂ 21 ಡಿಗ್ರಿಯ ಆಸುಪಾಸಿಗೆ ಇಳಿಸುವ ದಾರಿ ಹಿಡಿದೆ. ಅದಕ್ಕಿಂತ ಕೆಳಗೆ ಹೋಗುವ ಧೈರ್ಯ ನನಗಿಲ್ಲ, ಅಗತ್ಯವೂ ಕಾಣಲಿಲ್ಲ.

ಪೇಟೆಯಲ್ಲಿ ಮುಚ್ಚಿಹೋದ ಬೇಕರಿಯಿಂದ ಗಾಜಿನ ಬಾಗಿಲಿನ ತಂಪು ಪಾನೀಯದ ಕೂಲರ್ ಸಿಕ್ಕಿತು. ಕಂಪ್ರೆಸರ್ ಸರಿಯಿತ್ತು, ಬಾಗಿಲಿನ ರಬ್ಬರ್ ಹರಿದಿತ್ತು, ಒಳಗಿನ ಟ್ಯೂಬ್‌ಲೈಟ್ ಸತ್ತಿತ್ತು. ರಬ್ಬರ್ ಬದಲಿಸಿ, ಟ್ಯೂಬ್‌ಲೈಟ್ ಮತ್ತು ಅದರ ಚೋಕ್ ಎರಡನ್ನೂ ಕಿತ್ತು ಹಾಕಿದ್ದಾಯಿತು. ಮೂಲದ ಥರ್ಮೋಸ್ಟಾಟ್ 10 ಡಿಗ್ರಿಗಿಂತ ಮೇಲೆ ಬರುವುದೇ ಇಲ್ಲ, ಆದ್ದರಿಂದ ಅದನ್ನು ಬದಿಗಿಟ್ಟು ಎರಡು ರಿಲೇ (ತಾನಾಗಿ ಹೊತ್ತಿ ಆರುವ ಸ್ವಿಚ್) ಇರುವ ಡಿಜಿಟಲ್ ಕಂಟ್ರೋಲರ್ ಕೂರಿಸಿದೆ. ಒಂದು ರಿಲೇ ಕಂಪ್ರೆಸರಿಗೆ, ಇನ್ನೊಂದು ಕಾವಿಗೆ. ಕಾವು ಏಕೆಂದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಕೋಣೆಯೇ 15 ಡಿಗ್ರಿಯವರೆಗೆ ಇಳಿಯುತ್ತದೆ. ಕೆಳಗಿನ ತಟ್ಟೆಯ ಕೆಳಗೆ, ಬಾಯಿ ಕೆಳಗಾದ ಮಣ್ಣಿನ ಕುಡಿಕೆಯೊಳಗೆ 40 ವ್ಯಾಟಿನ ತಂತಿ ಬಲ್ಬು ಇಟ್ಟಿದ್ದೇನೆ. ಕುಡಿಕೆ ಬೆಳಕನ್ನು ತಡೆಯುತ್ತದೆ, ಕಾವನ್ನು ನಿಧಾನವಾಗಿ ಬಿಡುತ್ತದೆ. ಹೋಲ್ಡರ್ ಪಿಂಗಾಣಿಯದೇ ಆಗಬೇಕು, ವೈರು ಕುಡಿಕೆಗೆ ತಾಗಬಾರದು, ಕೂಲರಿನ ಲೋಹದ ಮೈಗೆ ಅರ್ಥಿಂಗ್ ಇರಲೇಬೇಕು. ಈ ಮೂರರಲ್ಲಿ ಯಾವುದನ್ನೂ ಮುಂದಕ್ಕೆ ಹಾಕಬೇಡಿ.

ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಚಾಲೂ ಆಗಬಾರದು. ಒಳಗಿನ ಅನಿಲದ ಒತ್ತಡ ಎರಡೂ ಕಡೆ ಸಮವಾಗಲು ಸಮಯ ಬೇಕು, ಇಲ್ಲದಿದ್ದರೆ ಮೋಟಾರು ತಿಣುಕಿ ಸುಡುತ್ತದೆ. ಕಂಟ್ರೋಲರಿನಲ್ಲಿ ಮೂರು ನಿಮಿಷದ ತಡ ಇಟ್ಟೆ. ಕರೆಂಟು ಹೋಗಿ ಬರುವ ಆಟ ನಮ್ಮಲ್ಲಿ ದಿನವೂ ಇರುವುದರಿಂದ ಸ್ಟೆಬಿಲೈಸರಿನಲ್ಲೂ ಅಷ್ಟೇ ತಡ ಇದೆ.

ಇಷ್ಟಾದ ಮೇಲೆ ಮೊದಲ ತಂಡದ ಟ್ಯೂಬುಗಳನ್ನು ಇಟ್ಟಾಗ ಎದುರಾದ ತೊಂದರೆ ವಿಚಿತ್ರವಾಗಿತ್ತು. ಮುಂದಿನ ಸಾಲುಗಳು ಹಸಿರಾಗಿದ್ದವು. ಹಿಂದಿನ ಸಾಲಿನಲ್ಲಿ ಎಲೆಗಳು ಎಣ್ಣೆ ಹಚ್ಚಿದಂತೆ ಗಾಢವಾಗಿ, ಆಮೇಲೆ ಕಪ್ಪಾಗಿ ಉದುರಿದವು. ಕಂಟ್ರೋಲರ್ 21 ತೋರಿಸುತ್ತಿತ್ತು. ಹಿಂದಿನ ಗೋಡೆಗೆ ಥರ್ಮಾಮೀಟರ್ ಒರಗಿಸಿ ಕಂಪ್ರೆಸರ್ ಓಡುವಾಗ ನೋಡಿದರೆ ಅಲ್ಲಿಯ ಗಾಳಿ 9 ಡಿಗ್ರಿ. ತಂಪು ಹೊರಡುವುದೇ ಆ ಗೋಡೆಯಿಂದ. ಬಾಟಲಿಗಳಿಗೆ ಅದರಿಂದ ಏನೂ ಆಗದು, ಕಾಫಿಯ ಎಲೆಗೆ ಆಗುತ್ತದೆ. ಪರಿಹಾರ ಸರಳ: ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಥರ್ಮೋಕೋಲ್ ಹಾಳೆಯೊಂದನ್ನು ಅಡ್ಡ ನಿಲ್ಲಿಸಿ, ಕೆಳಗೂ ಮೇಲೂ ಸಂದು ಬಿಟ್ಟು, ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಸದಾ ತಿರುಗುವಂತೆ ಹಾಕಿದೆ. ತಣ್ಣನೆಯ ಗಾಳಿ ಹಾಳೆಯ ಹಿಂದೆಯೇ ಬೆರೆತು ಮುಂದೆ ಬರುತ್ತದೆ. ಈಗ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಒಂದು ಡಿಗ್ರಿಯಷ್ಟೇ ವ್ಯತ್ಯಾಸ.

ಎರಡನೆಯದು ಇನ್ನೂ ಸೂಕ್ಷ್ಮ. ಕಂಟ್ರೋಲರಿನ ಸಂವೇದಕ ತೆರೆದ ಗಾಳಿಯಲ್ಲಿದ್ದರೆ ಬಾಗಿಲು ತೆರೆದ ಮಾತ್ರಕ್ಕೆ ಕಂಪ್ರೆಸರ್ ಓಡುತ್ತದೆ, ಒಡನೆಯೇ ನಿಲ್ಲುತ್ತದೆ. ಪೆಟ್ಟಿಗೆ ತಣಿದಾಗ ಟ್ಯೂಬಿನೊಳಗಿನ ಗಾಳಿ ಕುಗ್ಗಿ ಹೊರಗಿನ ಗಾಳಿಯನ್ನು ಮುಚ್ಚಳದ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಬಿಸಿಯಾದಾಗ ಹೊರಗೆ ಬಿಡುತ್ತದೆ. ಹೀಗೆ ದಿನಕ್ಕೆ ಹತ್ತಾರು ಸಲ ಎಳೆದ ಗಾಳಿಯಲ್ಲಿ ಒಂದೇ ಒಂದು ಬೂಷ್ಟಿನ ಕಣ ಇದ್ದರೂ ಟ್ಯೂಬು ಹೋದಂತೆ. ಸೋಂಕಿಗೆ ಎಲ್ಲರೂ ಕೈಯನ್ನು, ಕತ್ತರಿಯನ್ನು ದೂರುತ್ತಾರೆ. ತಿಂಗಳುಗಟ್ಟಲೆ ಇಡುವ ಸಂಗ್ರಹದಲ್ಲಿ ಉಷ್ಣಾಂಶದ ಈ ಏರಿಳಿತಕ್ಕೂ ಅಷ್ಟೇ ಪಾಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂವೇದಕವನ್ನು ಗ್ಲಿಸರಿನ್ ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿ ಟ್ಯೂಬುಗಳ ನಡುವೆಯೇ ನಿಲ್ಲಿಸಿದೆ. ಕೆಳಗಿನ ತಟ್ಟೆಯ ತುಂಬ ನೀರಿನ ಬಾಟಲಿಗಳನ್ನು ಜೋಡಿಸಿದೆ. ಈಗ ಕಂಪ್ರೆಸರ್ ಅಪರೂಪಕ್ಕೆ ಓಡುತ್ತದೆ, ಉಷ್ಣಾಂಶ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಅದೇ ಋತುವಿನಿಂದ ಬೂಷ್ಟು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಬೆಳಕಿಗೆ ಬಿಳಿ ಎಲ್‌ಇಡಿ ಪಟ್ಟಿ. ಅದರ ಡ್ರೈವರನ್ನು ಪೆಟ್ಟಿಗೆಯ ಹೊರಗೆ ಇಟ್ಟರೆ ಅದರ ಬಿಸಿ ಒಳಗೆ ಬರುವುದಿಲ್ಲ. ಸಾಮಾನ್ಯ ಬೆಳವಣಿಗೆಯ ತಟ್ಟೆಗಳಲ್ಲಿ 2,000ದಿಂದ 3,000 ಲಕ್ಸ್ ಕೊಡುತ್ತೇವೆ, ಇಲ್ಲಿ 800ರ ಸುಮಾರು, ಹತ್ತು ಗಂಟೆ ಮಾತ್ರ. ಪೂರಾ ಕತ್ತಲೆಯಲ್ಲಿ ಇಟ್ಟವು ಬಿಳಿಚಿ, ಎಳೆದಂತೆ ಉದ್ದವಾಗಿ, ಆಮೇಲೆ ಚೇತರಿಸಿಕೊಳ್ಳಲಿಲ್ಲ.

ಕರೆಂಟಿನ ಬಗ್ಗೆ ಎಲ್ಲರಿಗೂ ಇರುವ ಭಯ ನನಗೂ ಇತ್ತು. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿರುವ ಕಾಲದಲ್ಲೇ, ಮಲೆನಾಡಿನ ಕೋಣೆ ತಾನಾಗಿಯೇ 20ರಿಂದ 23 ಡಿಗ್ರಿ ಇರುತ್ತದೆ. ಆಗ ಪೆಟ್ಟಿಗೆ ಬಂದ್ ಆದರೂ ಕಾಫಿಗೆ ಏನೂ ಅಲ್ಲ. ಕಾಯಬೇಕಾದ್ದು ಮಾರ್ಚ್, ಏಪ್ರಿಲ್. ಆ ಎರಡು ತಿಂಗಳಿಗಾಗಿ ಇನ್ವರ್ಟರಿನಲ್ಲಿ ಫ್ಯಾನು ಮತ್ತು ಕಂಟ್ರೋಲರ್ ಇವೆ. ಕಂಪ್ರೆಸರಿಗೆ ಬೇಕಿಲ್ಲ, ನೀರಿನ ಬಾಟಲಿಗಳೇ ಒಂದು ರಾತ್ರಿ ತಡೆಯುತ್ತವೆ.

ಕುಕ್ಕರಿನ ಲೆಕ್ಕ

ಗೆಣ್ಣು ಕೊಯ್ದು ಟ್ಯೂಬಿಗೆ ಹಾಕಲು ಬೇಕಾದ, ಗಾಳಿ ಶುದ್ಧ ಮಾಡುವ ಮೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿಯ ಸೂಕ್ಷ್ಮ ಕಣಗಳನ್ನು ತಡೆಯುವ ಎರಡು ಅಡಿ ಚೌಕದ ಹೆಪಾ ಫಿಲ್ಟರ್, ಹಿಂದೆ ಬ್ಲೋವರ್, ಮುಂದೆ ಪ್ಲೈವುಡ್ಡಿನ ಪೆಟ್ಟಿಗೆ, ಒಳಮೈಗೆ ಒರೆಸಲು ಬರುವ ಲ್ಯಾಮಿನೇಟ್. ಅಗರ್ ಎಂಬ ಜೆಲ್ಲಿ ಹಾಕಿದ ತಟ್ಟೆಯನ್ನು ಅರ್ಧ ಗಂಟೆ ತೆರೆದಿಟ್ಟು ಮುಚ್ಚಿ, ವಾರದ ನಂತರವೂ ಏನೂ ಬೆಳೆಯದಿದ್ದರೆ ಮೇಜು ಸರಿಯಿದೆ ಎಂದು ಅರ್ಥ.

ಟ್ಯೂಬುಗಳನ್ನು ಹಬೆಯಲ್ಲಿ ಬೇಯಿಸಿ ಸೋಂಕು ಕಳೆಯುವ ಕುಕ್ಕರಿನ ವಿಷಯ ಮಾತ್ರ ಬೆಟ್ಟದ ಮೇಲಿರುವವರು ಗಮನಿಸಬೇಕು. ಪುಸ್ತಕಗಳಲ್ಲಿ ಚದರ ಇಂಚಿಗೆ 15 ಪೌಂಡ್ ಒತ್ತಡ, 121 ಡಿಗ್ರಿ, 15ರಿಂದ 20 ನಿಮಿಷ ಎಂದಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಮೂಡಿಗೆರೆ ಸುಮಾರು 970 ಮೀಟರ್ ಎತ್ತರದಲ್ಲಿದೆ. ಹೊರಗಿನ ಗಾಳಿಯ ಒತ್ತಡವೇ ಕಡಿಮೆ ಇರುವುದರಿಂದ, ಅದೇ ವೆಯ್ಟ್ ಹಾಕಿದ ಕುಕ್ಕರಿನೊಳಗೆ 119 ಡಿಗ್ರಿಯಷ್ಟೇ ಬರುತ್ತದೆ. ನಾನು ಸೀಟಿ ಬಂದ ಮೇಲೆ ಉರಿ ತಗ್ಗಿಸಿ 30 ನಿಮಿಷ ಇಡುತ್ತೇನೆ. ವೆಯ್ಟ್ ಹಾಕುವ ಮೊದಲು ಒಳಗಿನ ಗಾಳಿಯೆಲ್ಲ ಹೋಗಿ ಬರಿಯ ಹಬೆ ಬರುವವರೆಗೆ ಬಿಡಬೇಕು. ಗಾಳಿ ಉಳಿದರೆ ಒತ್ತಡ ಇರುತ್ತದೆ, ಕಾವು ಇರುವುದಿಲ್ಲ.

ಯಾವ ಕೊಂಬೆಯ ಗೆಣ್ಣು

ಕಾಫಿ ಗಿಡದಲ್ಲಿ ಎರಡು ಬಗೆಯ ಚಿಗುರು ಇರುತ್ತದೆ. ಅಡ್ಡಕ್ಕೆ ಹರಡಿ ಕಾಯಿ ಬಿಡುವ ರೆಕ್ಕೆ, ಮತ್ತು ಕಾಂಡದಿಂದ ನೆಟ್ಟಗೆ ಏಳುವ ಚಿಗುರು. ತೋಟದಲ್ಲಿ ಚಿಗುರು ತೆಗೆಯುವ ಆಳುಗಳು ವರ್ಷವಿಡೀ ಮುರಿದು ಬಿಸಾಡುವುದು ಈ ಎರಡನೆಯದನ್ನು. ನಮಗೆ ಬೇಕಾದ್ದೂ ಅದೇ. ರೆಕ್ಕೆಯ ತುಂಡಿನಿಂದ ಗಿಡ ಮಾಡಿದರೆ ಅದು ಜೀವಮಾನವಿಡೀ ನೆಲದ ಮೇಲೆ ಹರಡುತ್ತದೆ, ತಲೆ ಎತ್ತುವುದಿಲ್ಲ. ನೆಟ್ಟಗಿನ ಚಿಗುರಿನ ಪ್ರತಿ ಗೆಣ್ಣಿನಲ್ಲಿ ಎದುರುಬದುರು ಎರಡು ಎಲೆ, ಪ್ರತಿ ಎಲೆಯ ಬುಡದಲ್ಲಿ ಒಂದರ ಕೆಳಗೊಂದು ಹಲವು ಕಣ್ಣು. ಎಲ್ಲಕ್ಕಿಂತ ಮೇಲಿನ ಕಣ್ಣು ರೆಕ್ಕೆಯಾಗಬಹುದು, ಅದರ ಕೆಳಗಿನ ಕಣ್ಣುಗಳಿಂದ ಮತ್ತೆ ನೆಟ್ಟಗಿನ ಚಿಗುರೇ ಬರುತ್ತದೆ.

ಎಲೆಯ ತುಂಡಿನಿಂದ ಗಂಟು ಬೆಳೆಸಿ, ಅದರಿಂದ ಸಾವಿರಾರು ಭ್ರೂಣ ಮಾಡುವ ವಿಧಾನ ಕಾಫಿಯಲ್ಲಿ ಬಹಳ ಮುಂದುವರಿದಿದೆ. ಗಂಟಿನಿಂದ ಭ್ರೂಣ ಬರುವುದನ್ನು ರೋಬಸ್ಟಾದಲ್ಲಿ ಮೊದಲು ತೋರಿಸಿದ್ದು 1970ರಲ್ಲಿ. ಸಸಿ ಮಾರುವವರಿಗೆ ಅದು ಸರಿ. ತಳಿ ಕಾಪಾಡುವವನಿಗೆ ಅದು ಬೇಡ. ರೂಪವಿಲ್ಲದ ಗಂಟಿನ ಹಂತ ದಾಟುವಾಗ ಗಿಡದ ಗುಣದಲ್ಲಿ ವ್ಯತ್ಯಾಸ ನುಸುಳಬಹುದು. ಕೆಂಟ್ಸ್ ಅನ್ನು ಕೆಂಟ್ಸ್ ಆಗಿಯೇ ಉಳಿಸಲು, ಇರುವ ಕಣ್ಣನ್ನೇ ಒಡೆಸುವುದು ಕ್ಷೇಮ.

ತೋಟದ ಗಿಡದಿಂದ ನೇರವಾಗಿ ತಂದ ಗೆಣ್ಣು ಮಲೆನಾಡಿನಲ್ಲಿ ಶುದ್ಧವಾಗುವುದು ಕಷ್ಟ. ತಾಯಿಗಿಡದ ಕಾಂಡವನ್ನು ಬಗ್ಗಿಸಿ ಚಿಗುರು ಬರಿಸಿ, ಅದನ್ನು ಮೊದಲು ಪಾಲಿಹೌಸಿನ ಕುಂಡದಲ್ಲಿ ಬೇರು ಬಿಡಿಸಿಕೊಂಡೆ. ಮೇಲಿನಿಂದ ನೀರು ಚಿಮುಕಿಸುವುದಿಲ್ಲ, ಬುಡಕ್ಕೆ ಮಾತ್ರ. ಕೊಯ್ಯುವುದು ಫೆಬ್ರವರಿಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು, ಎಲೆ ಪೂರ್ತಿ ಒಣಗಿರುವ ಮಧ್ಯಾಹ್ನ. ಹಿಂದಿನ ವಾರ ಒಮ್ಮೆ ಶಿಲೀಂಧ್ರನಾಶಕ ಕಾರ್ಬೆಂಡಜಿಂ ಸಿಂಪಡಣೆ.

ಆಮೇಲೆ ಹರಿಯುವ ನೀರಿನಲ್ಲಿ ಅರ್ಧ ಗಂಟೆ, ಪಾತ್ರೆ ತೊಳೆಯುವ ದ್ರಾವಣದ ಎರಡು ಹನಿ ಹಾಕಿ ಕುಲುಕುವುದು, ಶೇಕಡ 70ರ ಸ್ಪಿರಿಟ್ಟಿನಲ್ಲಿ ಅರ್ಧ ನಿಮಿಷ, ಶೇಕಡ ಒಂದರ ಸೋಡಿಯಂ ಹೈಪೋಕ್ಲೋರೈಟಿನಲ್ಲಿ 15 ನಿಮಿಷ, ಶುದ್ಧ ನೀರಿನಲ್ಲಿ ಮೂರು ತೊಳೆತ. ಬಹಳ ಪ್ರಯೋಗಾಲಯಗಳಲ್ಲಿ ಈ ಹಂತದಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಾರೆ. ಅದರಿಂದ ಸೋಂಕು ಕಡಿಮೆಯಾಗುವುದು ನಿಜ. ಆದರೆ ತೊಳೆದ ಪಾದರಸದ ನೀರನ್ನು ತೋಟದ ಮನೆಯಲ್ಲಿ ಚೆಲ್ಲಲು ಜಾಗವಿಲ್ಲ. ಕೆಳಗೆ ಹಳ್ಳವಿದೆ, ಅದರ ಕೆಳಗೆ ಗದ್ದೆಗಳಿವೆ. ಹೆಚ್ಚು ಟ್ಯೂಬು ಹಾಳಾದರೂ ಪರವಾಗಿಲ್ಲ, ಅದನ್ನು ಈ ಕೋಣೆಗೆ ತರುವುದಿಲ್ಲ.

ಕೊಯ್ದ ಬಾಯಿಂದ ಕಂದು ರಸ ಒಸರಿ ಅಗರ್ ಕಪ್ಪಾಗುವುದು ಕಾಫಿಯ ಸ್ವಭಾವ. ಆಸ್ಕಾರ್ಬಿಕ್ ಆಮ್ಲದ ನೀರಿನಲ್ಲಿ ಅದ್ದಿ ತೆಗೆಯುವುದು, ಮೊದಲ ವಾರ ಕತ್ತಲೆಯಲ್ಲಿ ಇಡುವುದು, ಕಪ್ಪು ಹರಡಿದರೆ ಅದೇ ಟ್ಯೂಬಿನಲ್ಲಿ ಇನ್ನೊಂದು ಬದಿಗೆ ಸರಿಸುವುದು: ಇಷ್ಟರಲ್ಲಿ ಅರೇಬಿಕಾ ಸುಧಾರಿಸುತ್ತದೆ. ಲಿಬೆರಿಕಾ ಹೆಚ್ಚು ಹಟ ಹಿಡಿಯಿತು. ಅದಕ್ಕೆ ಮೀಡಿಯಾದಲ್ಲೇ, ಅಂದರೆ ಟ್ಯೂಬಿನೊಳಗಿನ ಆಹಾರದಲ್ಲೇ, ಸಕ್ರಿಯ ಇದ್ದಿಲು ಬೆರೆಸಿದೆ.

ಹಸಿವಿನ ಮೀಡಿಯಾ

ಕಣ್ಣು ಒಡೆಸುವಾಗ ಪೂರ್ತಿ ಎಂಎಸ್ ಮೀಡಿಯಾ ಬೇಕು. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿಗಾಗಿ ಮಾಡಿದ ಈ ಲವಣಗಳ ಮಿಶ್ರಣ ಈಗ ಪುಡಿಯಾಗಿ ಸಿಗುತ್ತದೆ: ಲೀಟರಿಗೆ 4.4 ಗ್ರಾಂ, ಸಕ್ಕರೆ 30 ಗ್ರಾಂ, ಚಿಗುರೊಡೆಸುವ ಹಾರ್ಮೋನ್ ಬಿಎಪಿ ಒಂದು ಮಿಲಿಗ್ರಾಂ. ಚಿಗುರು ಮೂರು ನಾಲ್ಕು ಗೆಣ್ಣು ಆದ ಮೇಲೆ, ಒಂದೊಂದೇ ಗೆಣ್ಣಿನ ತುಂಡು ಮಾಡಿ ಕೂಲರಿನ ಟ್ಯೂಬಿಗೆ ಹಾಕುತ್ತೇನೆ. ಅಲ್ಲಿಯ ಮೀಡಿಯಾ ಮದುವೆ ಮನೆಯ ಊಟವಲ್ಲ, ಏಕಾದಶಿಯ ಫಲಾಹಾರ: ಪುಡಿ ಲೀಟರಿಗೆ 2.2 ಗ್ರಾಂ, ಸಕ್ಕರೆ 15 ಗ್ರಾಂ, ಅಗರ್ 8 ಗ್ರಾಂ, ಪಿಎಚ್ 5.7, ಬಿಎಪಿ ಇಲ್ಲವೇ ಇಲ್ಲ. ಆ ಹಾರ್ಮೋನ್ ಒಂದನ್ನು ತೆಗೆದರೆ ಅರ್ಧ ಕೆಲಸ ಆದಂತೆ.

ಬೆಳವಣಿಗೆ ತಡೆಯಲು ಇನ್ನೂ ಎರಡು ದಾರಿಗಳಿವೆ. ಮ್ಯಾನಿಟಾಲ್ ಎಂಬ ಸಕ್ಕರೆಯಂಥ ಪುಡಿ ಬೆರೆಸಿ ನೀರು ಹೀರುವುದನ್ನು ಕಷ್ಟ ಮಾಡುವುದು ಒಂದು. ನನ್ನ ಟ್ಯೂಬುಗಳಲ್ಲಿ ಅದು ಅಂಚು ಸುಟ್ಟ ಎಲೆಗಳನ್ನು ಕೊಟ್ಟಿತು, ಬಿಟ್ಟುಬಿಟ್ಟೆ. ಇನ್ನೊಂದು ಆಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನ್. ಮೈಸೂರಿನಲ್ಲಿರುವ ಕಾಫಿ ಮಂಡಳಿಯ ಅಂಗಾಂಶ ಕೃಷಿ ವಿಭಾಗದ ವಿಜ್ಞಾನಿಗಳು ಇದನ್ನು ಬಳಸಿ ಕಾಫಿ ಬೀಜದೊಳಗಿನ ಭ್ರೂಣಗಳನ್ನು ಮೊಳೆಯದಂತೆ ಕಾದಿಡುವ ಕೆಲಸವನ್ನು 1999ರಲ್ಲಿ ಪ್ರಕಟಿಸಿದ್ದಾರೆ. ಬೀಜದಿಂದಲೇ ತಳಿ ಉಳಿಯುವ ಅರೇಬಿಕಾಕ್ಕೆ ಅದು ಒಳ್ಳೆಯ ಮಾರ್ಗ, ಏಕೆಂದರೆ ಅರೇಬಿಕಾ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ನಾನು ಗೆಣ್ಣುಗಳಿಗೆ ಸ್ವಲ್ಪವೇ ಹಾಕಿ ನೋಡಿದೆ; ಬೆಳವಣಿಗೆ ನಿಂತಿತು, ಆದರೆ ಹೊರಗೆ ತಂದ ಮೇಲೂ ಬಹಳ ಕಾಲ ಕಣ್ಣು ಬಿಡಲಿಲ್ಲ. ಗೆಣ್ಣಿಗೆ ಅರೆಹೊಟ್ಟೆಯೇ ಸಾಕು.

ಟ್ಯೂಬಿನ ಬಾಯಿಗೆ ಹತ್ತಿಯ ಬಿರಡೆ ಹಾಕುವುದು ಹಳೆಯ ಪದ್ಧತಿ. ಮಳೆಗಾಲದ ಮಲೆನಾಡಿನಲ್ಲಿ ಆ ಹತ್ತಿ ತೇವ ಹೀರಿ, ಹೊರಗಿನ ಬೂಷ್ಟಿನ ಎಳೆ ಅದರೊಳಗಿನಿಂದಲೇ ಇಳಿದು ಮೀಡಿಯಾ ಮುಟ್ಟುತ್ತದೆ. ಗಾಜಿನ ಮೂಲಕ ಅದು ಇಳಿಯುವುದನ್ನು ದಿನದಿನವೂ ನೋಡಬಹುದು, ತಡೆಯಲು ಆಗುವುದಿಲ್ಲ. ಈಗ ಕುಕ್ಕರಿನ ಕಾವು ತಡೆಯುವ ಪಾಲಿಪ್ರೊಪಿಲೀನ್ ಮುಚ್ಚಳ, ಅದರ ಸುತ್ತ ತೆಳು ಪ್ಲಾಸ್ಟಿಕ್ ಹಾಳೆಯ ಎರಡು ಸುತ್ತು. ಮೇಲಿನ ತಟ್ಟೆಯಲ್ಲಿ ಸುಟ್ಟ ಸುಣ್ಣದ ಬಟ್ಟಲು ಇಟ್ಟರೆ ಪೆಟ್ಟಿಗೆಯ ತೇವ ಹತೋಟಿಯಲ್ಲಿರುತ್ತದೆ. ಆದರೆ ಒಣಗಿಸುವುದೂ ಅತಿಯಾಗಬಾರದು: ನೀರು ಹೋದಂತೆ ಮೀಡಿಯಾದ ಲವಣ ಗಟ್ಟಿಯಾಗುತ್ತದೆ. ಪ್ರತಿ ತಂಡದಲ್ಲಿ ಕೆಲವು ಟ್ಯೂಬುಗಳನ್ನು ಇಡುವಾಗಲೇ ತೂಗಿ, ಆಗಾಗ ಮತ್ತೆ ತೂಗುತ್ತೇವೆ. ಮೀಡಿಯಾದ ಐದನೇ ಒಂದು ಪಾಲು ನೀರು ಹೋಗಿದ್ದರೆ, ಗಿಡ ಹೇಗೇ ಇರಲಿ, ಆ ತಂಡವನ್ನು ಬದಲಿಸುವ ಹೊತ್ತಾಯಿತು ಎಂದೇ ಲೆಕ್ಕ.

ಒಂದು ಟ್ಯೂಬಿಗೆ ಒಂದೇ ಗೆಣ್ಣು. ಜಾಡಿಯಲ್ಲಿ ಹತ್ತು ಹಾಕಿದರೆ ಜಾಗ ಉಳಿಯುತ್ತದೆ, ಸೋಂಕು ಬಂದರೆ ಹತ್ತೂ ಹೋಗುತ್ತವೆ.

ಸತ್ತಿದೆಯೋ, ಮಲಗಿದೆಯೋ

ಈ ಕೆಲಸದಲ್ಲಿ ಕಲಿಯಲು ಅತಿ ಕಷ್ಟವಾದದ್ದು ನೋಡುವುದು. ಬೆಳೆಸುವ ಪ್ರಯೋಗಾಲಯದಲ್ಲಿ ಎತ್ತರ, ಹಸಿರು, ಎಲೆಯ ಸಂಖ್ಯೆ ನೋಡುತ್ತಾರೆ. ಇಲ್ಲಿ ಚೆನ್ನಾಗಿ ಬೆಳೆದ ಟ್ಯೂಬೇ ಚಿಂತೆಯ ಟ್ಯೂಬು. ನರ್ಸರಿ ನೋಡಿಕೊಳ್ಳುವ ಅಕ್ಕನೇ ಈಗ ಸಂಗ್ರಹವನ್ನೂ ನೋಡಿಕೊಳ್ಳುತ್ತಾರೆ. ಕೆಂಟ್ಸ್‌ನ ಒಂದು ತಂಡ ಎಲೆಗಳನ್ನೆಲ್ಲ ಉದುರಿಸಿ ಕಂದು ಕಡ್ಡಿಯಾಗಿ ನಿಂತಾಗ ಅದನ್ನು ತೆಗೆದು ತೊಳೆಯಲು ಹಾಕೋಣ ಎಂದೆ. ಅವರು ಟ್ಯೂಬನ್ನು ಕಿಟಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಅಣ್ಣಾ, ಇದು ಸತ್ತಿಲ್ಲ. ಎಲೆ ಬಿದ್ದ ಜಾಗದ ಮೇಲೆ ನೋಡಿ, ಕಣ್ಣು ಹಸಿರಿದೆ."

ಇತ್ತು. ಎಲೆಯ ತೊಟ್ಟು ಕಳಚಿದ ಗಾಯದ ಮೇಲೆ, ಸಾಸಿವೆಯ ಅರ್ಧದಷ್ಟೂ ಇಲ್ಲದ ಎರಡು ಕಣ್ಣು, ಅಂಟಿನಂಥ ಹೊಳೆಯುವ ಪದರದ ಕೆಳಗೆ ತಿಳಿ ಹಸಿರು. ಹೊಸ ಮೀಡಿಯಾಕ್ಕೆ ಹಾಕಿ 26 ಡಿಗ್ರಿಯಲ್ಲಿ ಇಟ್ಟ ಮೇಲೆ ಬಹುಪಾಲು ಚಿಗುರಿದವು. ಅಂದಿನಿಂದ ನಮ್ಮ ಪುಸ್ತಕದಲ್ಲಿ 'ಸತ್ತದ್ದು' ಎಂದು ಬರೆಯುವ ಮೊದಲು ಕಣ್ಣಿನ ಬಣ್ಣ ಬರೆಯಬೇಕೆಂಬ ಕಟ್ಟಳೆ ಇದೆ. ಎಲೆ ಎಷ್ಟಿವೆ ಎಂಬುದು ಎರಡನೆಯದು.

ತಳಿತಳಿಗೂ ಸ್ವಭಾವ ಬೇರೆ. ರೋಬಸ್ಟಾ ಅರೆಹೊಟ್ಟೆಯಲ್ಲೂ ಎತ್ತರಕ್ಕೆ ಹೋಗಿ ಮುಚ್ಚಳ ಮುಟ್ಟುತ್ತದೆ, ಅದನ್ನು ಬೇಗ ಬದಲಿಸಬೇಕು. ಕೆಂಟ್ಸ್ ಎಲೆ ಉದುರಿಸಿ ಕಾಯುತ್ತದೆ. ಒಂದು ಹೂಮಳೆಯ ಹೊತ್ತಿಗೆ ಇಟ್ಟದ್ದು ಕೊಯ್ಲಿನ ಕಾಲದವರೆಗೆ ಬರುತ್ತದೆ. ಲಿಬೆರಿಕಾ ಬೆಳೆಯುವುದೂ ನಿಧಾನ, ಏಳುವುದೂ ನಿಧಾನ. ಇದರಲ್ಲಿ ಒಂದು ದೊಡ್ಡ ಅಪಾಯ ಅಡಗಿದೆ. ಎಲ್ಲಕ್ಕೂ ಒಂದೇ ಮೀಡಿಯಾ, ಒಂದೇ ಅವಧಿ ಇಟ್ಟರೆ, ಟ್ಯೂಬಿಗೆ ಒಗ್ಗುವ ತಳಿ ಉಳಿದು, ಒಗ್ಗದ್ದು ಸದ್ದಿಲ್ಲದೆ ಹೋಗುತ್ತದೆ. ಒಟ್ಟು ಟ್ಯೂಬುಗಳ ಸಂಖ್ಯೆ ಅಷ್ಟೇ ಇರುತ್ತದೆ, ಸಂಗ್ರಹ ಮಾತ್ರ ಬಡವಾಗಿರುತ್ತದೆ. ಆದ್ದರಿಂದ ಪುಸ್ತಕದಲ್ಲಿ ಒಟ್ಟು ಲೆಕ್ಕ ಬರೆಯುವುದನ್ನೇ ನಿಲ್ಲಿಸಿದ್ದೇವೆ. ಪ್ರತಿ ತಾಯಿಗಿಡಕ್ಕೂ ಪ್ರತ್ಯೇಕ ಪುಟ, ಅದರಲ್ಲಿ ಜೀವಂತ ಟ್ಯೂಬು ಹತ್ತಕ್ಕಿಂತ ಕೆಳಗೆ ಇಳಿದರೆ ಕೆಂಪು ಗೆರೆ. ಆ ಗೆರೆ ಬಿದ್ದ ತಳಿಯೇ ಮರುದಿನ ಮೇಜಿನ ಮೇಲೆ ಮೊದಲು ಬರುತ್ತದೆ.

ಲೇಬಲ್ಲಿನ ಮೇಲೆ ತಳಿಯ ಹೆಸರಿಲ್ಲ, ತಾಯಿಗಿಡಕ್ಕೆ ಕಟ್ಟಿದ ಅಲ್ಯೂಮಿನಿಯಂ ಬಿಲ್ಲೆಯ ಸಂಖ್ಯೆ ಇದೆ. ಹೆಸರು ಹಿರಿಯರ ಮಾತಿನಿಂದ ಬಂದದ್ದು, ಬದಲಾಗಬಹುದು, ಗಿಡ ಬದಲಾಗುವುದಿಲ್ಲ. ಪ್ರತಿ ಟ್ಯೂಬಿಗೂ ತಾನು ಯಾವ ಟ್ಯೂಬಿನಿಂದ ಬಂದದ್ದು ಎಂಬ ಸಂಖ್ಯೆಯೂ ಇರುತ್ತದೆ. ಒಂದು ಎಳೆಯಲ್ಲಿ ಬ್ಯಾಕ್ಟೀರಿಯಾ ತಡವಾಗಿ ತೋರಿದರೆ ಅದರ ಅಣ್ಣತಮ್ಮಂದಿರನ್ನೆಲ್ಲ ಆ ಸಂಖ್ಯೆ ಹಿಡಿದು ಹುಡುಕಿ ಬೇರೆ ಇಡಬಹುದು.

ಮಣ್ಣಿಗೆ ಬಂದ ಪರೀಕ್ಷೆ

ಟ್ಯೂಬಿನಲ್ಲಿ ಹಸಿರಾಗಿರುವುದನ್ನು ಸಂಗ್ರಹ ಎನ್ನಲು ನಾನು ಒಪ್ಪುವುದಿಲ್ಲ. ಪ್ರತಿ ತಳಿಯಿಂದ ವರ್ಷಕ್ಕೊಮ್ಮೆ ಕೆಲವನ್ನು ತೆಗೆದು ಬೆಳೆಸಲೇಬೇಕು. ಪೂರ್ತಿ ಮೀಡಿಯಾದಲ್ಲಿ ಚಿಗುರಿಸಿ, ಬೇರು ಬರಿಸುವ ಹಾರ್ಮೋನ್ ಐಬಿಎ ಹಾಕಿದ ಮೀಡಿಯಾದಲ್ಲಿ ಬೇರು ಬಿಡಿಸಿ, ಬೇರಿನ ಅಗರ್ ಪೂರ್ತಿ ತೊಳೆದು, ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಪ್ಲಾಸ್ಟಿಕ್ ಗುಡಾರದೊಳಗೆ ಇಡುತ್ತೇವೆ. ಟ್ಯೂಬಿನ ಎಲೆಗೆ ಮೇಣದ ಪದರ ಸರಿಯಾಗಿ ಕೂತಿರುವುದಿಲ್ಲ, ಹೊರಗಿನ ಗಾಳಿ ತಾಗಿದರೆ ಗಂಟೆಯೊಳಗೆ ಜೋತುಬೀಳುತ್ತದೆ. ಗುಡಾರದ ಒಂದು ಮೂಲೆಯನ್ನು ದಿನಕ್ಕೆ ಇಷ್ಟಿಷ್ಟೇ ತೆರೆಯುತ್ತಾ ಬಂದರೆ ಹೊಸ ಎಲೆ ಹೊರಗಿನ ಗಾಳಿಗೆ ತಕ್ಕಂತೆ ಬರುತ್ತದೆ. ಮಳೆಗಾಲದ ಆರಂಭ ಇದಕ್ಕೆ ಅತ್ಯುತ್ತಮ.

ಹೀಗೆ ಬಂದ ಕೆಂಟ್ಸ್ ಸಸಿಗಳು ಈಗ ಸಿಲ್ವರ್ ಓಕ್ ನೆರಳಿನ ಹೊಸ ತಾಕಿನಲ್ಲಿ ನಿಂತಿವೆ. ತಾಯಿಗಿಡದ ಪಕ್ಕದಲ್ಲೇ ಎರಡನ್ನು ನೆಟ್ಟಿದ್ದೇವೆ. ಎಲೆಯ ಅಂಚು, ಗೆಣ್ಣಿನ ಅಂತರ, ತುಕ್ಕು ಬರುವ ಹೊತ್ತು ಇವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಲು. ರೋಬಸ್ಟಾ ಸಸಿಗಳು ನೆಟ್ಟಗೆ ಎದ್ದಿವೆ. ದೇವಮಚ್ಚಿಯ ಸಂತತಿಯ ಗೆಣ್ಣುಗಳು ಟ್ಯೂಬಿನಲ್ಲಿ ಚೆನ್ನಾಗಿವೆ, ಬೇರು ಬಿಡುವುದರಲ್ಲಿ ಹಿಂದಿವೆ. ಅದಕ್ಕೆ ಐಬಿಎ ಪ್ರಮಾಣ ಬದಲಿಸಿ ನೋಡುತ್ತಿದ್ದೇವೆ. ಲಿಬೆರಿಕಾದ ಪುಟದ ಮೇಲೆ ಮಾತ್ರ ಇನ್ನೂ ಕೆಂಪು ಗೆರೆ ಇದೆ.

ಒಂದೇ ಕೋಣೆಯಲ್ಲಿ ಇರುವುದು ಇಡೀ ಸಂಗ್ರಹದ ದೊಡ್ಡ ದೌರ್ಬಲ್ಯ. ಕಾಗದದ ಕಂತೆಗಳಲ್ಲಿ ಬರುವ ಕಣ್ಣಿಗೆ ಕಾಣದ ನುಸಿ ಒಮ್ಮೆ ಹೊಕ್ಕರೆ ಬೂಷ್ಟನ್ನು ಟ್ಯೂಬಿನಿಂದ ಟ್ಯೂಬಿಗೆ ಹೊತ್ತು ತಿರುಗುತ್ತದೆ. ಕೋಣೆಗೆ ರಟ್ಟಿನ ಪೆಟ್ಟಿಗೆ ತರುವಂತಿಲ್ಲ, ಪುಸ್ತಕವೂ ಹೊರಗಿನ ಮೇಜಿನ ಮೇಲೇ ಇರಬೇಕು. ಅಷ್ಟು ಸಾಲದು. ಸಕಲೇಶಪುರದ ಕಡೆಯ ಸ್ನೇಹಿತರೊಬ್ಬರು ತಮ್ಮ ಮನೆಯಲ್ಲಿ ಇಂಥದೇ ಕೂಲರ್ ಸಿದ್ಧಪಡಿಸುತ್ತಿದ್ದಾರೆ. ಥರ್ಮೋಕೋಲ್ ಹಾಳೆ, ಗ್ಲಿಸರಿನ್ ಬಾಟಲಿ, ಕುಡಿಕೆ ಬಲ್ಬು ಮೂರನ್ನೂ ಹಾಕಿಯಾಗಿದೆ. ಅಗರ್ ತಟ್ಟೆಯ ಪರೀಕ್ಷೆ ಮುಗಿದ ಕೂಡಲೇ ಪ್ರತಿ ತಾಯಿಗಿಡದ ಅರ್ಧ ಟ್ಯೂಬುಗಳು ಅಲ್ಲಿಗೆ ಹೋಗುತ್ತವೆ. ಲಿಬೆರಿಕಾ ಮರದ ಒಂದು ಕಾಂಡವನ್ನು ಈ ವಾರ ಸೊಂಟದ ಎತ್ತರಕ್ಕೆ ಕಡಿಸಿದ್ದೇನೆ. ಅದರ ಬುಡದಿಂದ ನೆಟ್ಟಗಿನ ಚಿಗುರು ಬಂದರೆ ಫೆಬ್ರವರಿಯ ಕೊಯ್ಲಿಗೆ ಆಗುತ್ತದೆ.